ಗ್ರಹಣದ ದಿನದ ಫೋಟೋ

ರಘೋತ್ತಮ ಮಾಸ್ತರರ ಮನೆಯಲ್ಲಿ ಊಟಕ್ಕೆ ಕೂತವರು ಏಳುವಾಗ ಹೊಟ್ಟೆಯ ಜೊತೆ ತಲೆಯನ್ನೂ ತುಂಬಿಸಿಕೊಂಡೇ ಏಳಬೇಕಾಗಿತ್ತು. ಮೊದಲ ಚಪಾತಿ ತಟ್ಟೆಗೆ ಬೀಳುವುದಕ್ಕೂ ಮೊದಲ ಪ್ರಶ್ನೆ ಬೀಳುವುದಕ್ಕೂ ಸರಿಹೋಗುತ್ತಿತ್ತು.

"ಆಕ್ಟೋಪಸ್ಸಿಗೆ ಹೃದಯ ಎಷ್ಟು?"

"ಮೂರ್ರಿ," ಎಂದಳು ಸೊಸೆ ಶ್ರೀವಾಣಿ.

"ಭೇಷ್! ಈಗ ಹೇಳು, ಎಲುಬು ಯಾರಿಗೆ ಹೆಚ್ಚು? ನಿನಗೋ, ಈಗ ಹುಟ್ಟಿದ ಕೂಸಿಗೋ?"

"ಕೂಸಿಗೆ. ಹೋದ ವಾರನೂ ಕೇಳೀರಿ ಮಾವನವರ."

"ಆತು, ಹೊಸಾದು ಕೇಳ್ತೀನಿ ತಡಿ."

"ಅಕಿ ಊಟಾ ಮಾಡ್ಲಿ ಬಿಡ್ರಿ," ಎಂದು ಸರಸ್ವತೀಬಾಯಿ ಅಡುಗೆಮನೆಯಿಂದಲೇ ಹೇಳಿದರು. "ಬಸುರಿ ಹುಡುಗಿ ತುತ್ತು ಬಾಯಾಗ ಇಟ್ಕೊಂಡು ಪರೀಕ್ಷಾ ಕೊಡ್ಬೇಕು ನಿಮಗ."

ಮಾಸ್ತರು ಗುತ್ತಲದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ ಹಾವೇರಿಯಲ್ಲಿ ಮನೆ ಮಾಡಿದ್ದರು. ಊರಿನ ಒಂದು ಪತ್ರಿಕೆಗೆ ಪ್ರತಿ ರವಿವಾರ 'ಖರೇನೋ ಸುಳ್ಳೋ' ಎಂಬ ಅಂಕಣ ಬರೆಯುತ್ತಿದ್ದರು. ಹಲ್ಲಿ ಮೈಮೇಲೆ ಬಿದ್ದರೆ ಏನಾಗುತ್ತದೆ (ಹಲ್ಲಿಗೆ ಗಾಬರಿಯಾಗುತ್ತದೆ), ಎಡಗಣ್ಣು ಯಾಕೆ ಹಾರುತ್ತದೆ, ಬೆಕ್ಕು ಅಡ್ಡ ಬಂದರೆ ಅದಕ್ಕೆ ಎಲ್ಲಿಗೆ ಹೋಗುವುದಿರುತ್ತದೆ, ಹೀಗೆ ಬರೆದದ್ದನ್ನು ಜನ ನಕ್ಕು ಓದುತ್ತಿದ್ದರು. ಸಂತೆಯಲ್ಲಿ ಕಾಯಿಪಲ್ಲೆಯವರೂ "ಮಾಸ್ತರ, ಈ ವಾರ ಗೂಬಿ ಬಗ್ಗೆ ಬರೀರಿ" ಅನ್ನುವಷ್ಟು ಹೆಸರಾಗಿತ್ತು.

ಸರಸ್ವತೀಬಾಯಿಯವರದು ಪೂರ್ತಿ ವಿರುದ್ಧ ದಿಕ್ಕು. ಹೊರಗೆ ಹೊರಟಾಗ ಯಾರಾದರೂ ಒಂಟಿ ಸೀನು ಸೀನಿದರೆ ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಒಂದು ಗುಟುಕು ನೀರು ಕುಡಿದೇ ಹೊರಡುವವರು. "ಬಸ್ ಹೋತು ನೋಡು. ಸೀನಿನಿಂದ ಅಲ್ಲ, ನೀರು ಕುಡದದ್ದರಿಂದ," ಎಂದು ಮಾಸ್ತರು ರೇಗಿಸುತ್ತಿದ್ದರು. "ಆ ಬಸ್ಸಿನಾಗ ಏನು ಕಾದಿತ್ತೋ ನಿಮಗೇನು ಗೊತ್ತು?" ಎಂದು ಅವರು ತಿರುಗಿ ಕೇಳುತ್ತಿದ್ದರು. ಮದುವೆಯಾದಂದಿನಿಂದ ನಡೆದ ಜಗಳ ಅದು. ಓಣಿಯ ಸುಶೀಲವ್ವ ಸಂಜೆ ಚಹಾದ ಹೊತ್ತಿಗೆ ಬಂದು ಕೂಡುತ್ತಿದ್ದದ್ದೇ ಅದನ್ನು ಕೇಳಲಿಕ್ಕೆ. "ನಿಮ್ಮನ್ಯಾಗ ಟೀವಿ ಯಾಕ ಬೇಕ್ರಿ ಬಾಯಾರ?" ಎಂದು ನಗುತ್ತಿದ್ದಳು.

ಮಗ ವಿಜಯೇಂದ್ರ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದ, ದಿನಾ ಹೋಗಿ ಬರುತ್ತಿದ್ದ. ಶ್ರೀವಾಣಿ ಬ್ಯಾಡಗಿಯ ಹುಡುಗಿ, ಹಾವೇರಿಯ ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಅವಳಿಗೆ ಬಿಕ್ಕಳಿಕೆ ಬಂದರೆ ಅತ್ತೆ "ತವರುಮನ್ಯಾಗ ಅವ್ವ ನೆನಸಿರಬೇಕು" ಅನ್ನುವರು; ಮಾವ "ನೆನಸಿದ್ರ ಫೋನ್ ಮಾಡ್ತಾರ, ಬಿಕ್ಕು ಕಳಸಂಗಿಲ್ಲ" ಅನ್ನುವರು. ಅವಳು ಇಬ್ಬರಿಗೂ ಸೇರಿಸಿ ನಕ್ಕು ನೀರು ಕುಡಿಯುತ್ತಿದ್ದಳು. ಅತ್ತೆಯ ಜೊತೆ ಮೊರ ಹಿಡಿದು ಕೂತಾಗ ಅತ್ತೆಯ ಮಾತು, ಮಾವನ ಜೊತೆ ಚಹಾ ಕುಡಿಯುವಾಗ ಮಾವನ ಮಾತು. ಮನೆ ಹಾಗೆ ಚೆನ್ನಾಗಿಯೇ ನಡೆದಿತ್ತು.

ಆ ವರ್ಷ ಹೋಳಿ ಹುಣ್ಣಿಮೆಗೆ ಗ್ರಹಣ ಬಂತು. ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದುಕೊಂಡೇ ಹುಟ್ಟುತ್ತಾನೆ, ಸ್ವಲ್ಪ ಹೊತ್ತಿನಲ್ಲಿ ಬಿಡುತ್ತದೆ ಎಂದು ಪಂಚಾಂಗದಲ್ಲಿತ್ತು. ಶ್ರೀವಾಣಿಗೆ ಏಳು ತಿಂಗಳು.

ಬೆಳಗಿನಿಂದಲೇ ಸರಸ್ವತೀಬಾಯಿ ಉಪ್ಪಿನಕಾಯಿ ಭರಣಿ, ಮೊಸರು, ಹಿಟ್ಟಿನ ಡಬ್ಬಿ ಎಲ್ಲದರ ಮೇಲೂ ದರ್ಭೆಯ ಎಳೆ ಇಟ್ಟರು. ಹೋಳಿಗೆಯನ್ನು ಹಿಂದಿನ ದಿನವೇ ಮಾಡಿ ಮುಗಿಸಿದ್ದರು. ಮಧ್ಯಾಹ್ನ ಸೊಸೆಗೆ ಅಂದರು, "ನೀ ನಾಕು ಗಂಟೆಕ್ಕ ಏನರೆ ತಿಂದು ಒಳಗಿನ ಖೋಲಿಯೊಳಗ ಮಲ್ಕೋ. ಚಾಕು, ಕತ್ರಿ, ಸೂಜಿ ಮುಟ್ಟಬ್ಯಾಡ. ಕೂಸಿಗೆ ಅಂಗ ಊನ ಆಗ್ತದಂತ ನಮ್ಮಜ್ಜಿ ಹೇಳ್ತಿದ್ಲು."

"ಹೂಂನ್ರಿ ಅತ್ತಿಯವರ," ಎಂದಳು ಶ್ರೀವಾಣಿ. ಮಲಗುವುದರಲ್ಲಿ ಅವಳಿಗೇನೂ ತಕರಾರಿರಲಿಲ್ಲ. ಕಾಲು ಬಾತಿದ್ದವು.

ಸಂಜೆ ಮಾಸ್ತರು ಓಣಿಯ ಹುಡುಗರನ್ನು ಕೂಡಿಸಿಕೊಂಡು ಮಾಳಿಗೆ ಹತ್ತಿದರು. ಸ್ವಲ್ಪ ಹೊತ್ತಿಗೆ ಕೆಳಗಿಳಿದು ಬಂದು ಸೊಸೆಯ ಖೋಲಿಯ ಬಾಗಿಲಲ್ಲಿ ನಿಂತರು.

"ಶ್ರೀವಾಣಿ, ಮ್ಯಾಲ ಬಾ. ಮೂಡಣದಾಗ ಈಗ ಕಾಣ್ತದ. ಒಂದು ಸೌತಿಕಾಯಿ, ಚಾಕು ತಗೊಂಡು ಬಾ."

"ಸೌತಿಕಾಯಿ ಯಾಕ್ರಿ?"

"ಹುಡುಗ್ರ ಮುಂದ ಹೆಚ್ಚು. ನಮ್ಮ ಮನಿ ಬಸುರಿನೇ ಹೆಚ್ಚಿದ್ಲು ಅಂದ್ರ ಆ ಹುಡುಗ್ರು ಜೀವನಪೂರ್ತಿ ಅಂಜಂಗಿಲ್ಲ."

ದೇವರ ಮನೆಯಿಂದ ಸರಸ್ವತೀಬಾಯಿ ಜಪಮಣಿ ಹಿಡಿದುಕೊಂಡೇ ಎದ್ದು ಬಂದರು. "ನಿಮಗ ತಲಿ ಕೆಟ್ಟದೇನು? ನಿಮ್ಮ ಹುಚ್ಚಾಟ ನಿಮ್ಮ ಮೈಮ್ಯಾಲೆ ಮಾಡ್ಕೋರಿ. ಅಕಿನ್ನ ಬಿಡ್ರಿ."

"ಅಕಿ ಡಿಗ್ರಿ ಓದ್ಯಾಳ. ಅಕಿನ್ನ ಕೇಳೋಣ. ನೀ ನಂಬ್ತೀಯೇನವಾ?"

ಶ್ರೀವಾಣಿ ಒಮ್ಮೆ ಅತ್ತೆಯನ್ನು, ಒಮ್ಮೆ ಮಾವನನ್ನು ನೋಡಿದಳು. "ನಂಬಂಗಿಲ್ಲರಿ. ಆದ್ರ ಅತ್ತಿಯವರು ಬ್ಯಾಡ ಅಂದಾಗ ಸುಮ್ನ ಯಾಕ…"

"ನಂಬಂಗಿಲ್ಲ ಅಂದ್ಮ್ಯಾಲೆ ಮತ್ತೇನು? ಐದ ನಿಮಿಷದ ಕೆಲಸ."

ಬರಲಾರೆ ಅಂದರೆ ಮಾವನ ಎದುರು ಹೆಡ್ಡಿಯಾಗಬೇಕು, ಬಂದರೆ ಅತ್ತೆಗೆ ಎದುರಾಗಬೇಕು. ವಿಜಯೇಂದ್ರ ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಅವನು ನಕ್ಕು, "ಹೋಗಿ ಬಾ, ಇಲ್ಲಾಂದ್ರ ಅಪ್ಪ ರಾತ್ರಿ ಊಟಾ ಮಾಡಂಗಿಲ್ಲ" ಎಂದ. ಅವಳು ಹತ್ತಿದಳು. ಮಾಳಿಗೆಯ ಮೇಲೆ ಚಾಪೆ ಹಾಸಿ ಕೂತು ಸೌತೆಕಾಯಿ ಹೆಚ್ಚಿದಳು. ಹಿಂದೆ ಮನೆಗಳ ಸಾಲಿನ ಮೇಲೆ ಅರ್ಧ ಕಪ್ಪಾದ ಚಂದ್ರ. ಹುಡುಗರು ಚಪ್ಪಾಳೆ ತಟ್ಟಿ ಹೋಳು ತಿಂದರು. ಹಿಂದೆಯೇ ಹತ್ತಿ ಬಂದಿದ್ದ ವಿಜಯೇಂದ್ರನೇ ಫೋನಿನಲ್ಲಿ ಫೋಟೋ ತೆಗೆದು ಅಪ್ಪನಿಗೆ ಕಳಿಸಿದ. ಫೋಟೋ ಬಹಳ ಚಲೋ ಬಂದಿತ್ತು.

ಕೆಳಗೆ ಸರಸ್ವತೀಬಾಯಿ ಗ್ರಹಣ ಬಿಟ್ಟ ಮೇಲೂ ಬಹಳ ಹೊತ್ತು ದೇವರ ಮುಂದಿನಿಂದ ಏಳಲಿಲ್ಲ.

ರವಿವಾರ ಆ ಫೋಟೋ ಪತ್ರಿಕೆಯಲ್ಲಿ ಬಂತು. ಮೇಲೆ ದೊಡ್ಡ ಅಕ್ಷರ: 'ಗ್ರಹಣದಲ್ಲಿ ನಮ್ಮ ಸೊಸೆ ಸೌತೆಕಾಯಿ ಹೆಚ್ಚಿದಳು. ಮೇ ತಿಂಗಳಲ್ಲಿ ನೋಡೋಣ, ಏನಾಗುತ್ತದೆ!'

ಶ್ರೀವಾಣಿಗೆ ಅದು ಗೊತ್ತಾದದ್ದು ಸೋಮವಾರ, ಬ್ಯಾಂಕಿನಲ್ಲಿ. ಕೌಂಟರಿನ ಆಚೆ ನಿಂತ ಒಬ್ಬ ಹೆಂಗಸು ಅವಳ ಮುಖ ನೋಡಿ, ಹೊಟ್ಟೆ ನೋಡಿ, "ನೀವ ಅಲ್ಲೇನ್ರಿ ಪೇಪರಿನ್ಯಾಗ ಬಂದಾವ್ರು? ಧೈರ್ಯ ಬಿಡ್ರಿ ನಿಮ್ದು," ಎಂದಳು. ಹಿಂದೆ ಸರದಿಯಲ್ಲಿದ್ದವರೂ ಇಣುಕಿದರು.

ಸಂಜೆ ಅವಳು ಬ್ಯಾಗು ಇಳಿಸುವ ಮೊದಲೇ ಅಂದಳು, "ಮಾವನವರ, ಹಾಕೋಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ರಿ."

"ಅಯ್ಯ, ಕೇಳೋದೇನದ? ಒಳ್ಳೇದಕ್ಕ ಹಾಕೇನಿ. ಎಷ್ಟು ಮಂದಿ ಫೋನ್ ಮಾಡಿದ್ರು ಗೊತ್ತೇನು? ಇಬ್ರು ಡಾಕ್ಟರು ಮಾಡಿದ್ರು."

"ಎಲ್ಲಾರೂ ನನ್ನ ಹೊಟ್ಟಿ ನೋಡ್ಲಿಕ್ಕತ್ತಾರ್ರಿ."

"ನೋಡ್ಲಿ. ಮೇ ತಿಂಗಳಿಗೆ ಎಲ್ಲಾರ ಬಾಯಿ ಮುಚ್ಚತಾವ."

ಅಂದು ಊಟಕ್ಕೆ ಕೂತಾಗ ಮಾಸ್ತರು ಒಂಟೆಯ ಡುಬ್ಬದಲ್ಲಿ ಏನಿರುತ್ತದೆ ಎಂದು ಕೇಳಿದರು. ವಿಜಯೇಂದ್ರ "ನೀರು" ಎಂದ. "ತಪ್ಪು, ಕೊಬ್ಬು" ಎಂದು ಅವರೇ ಹೇಳಿಕೊಂಡರು. ಶ್ರೀವಾಣಿ ಅನ್ನ ಕಲಸುತ್ತ ಕೂತಿದ್ದಳು.

ಮುಂದೆ ಕುಬಸದ ಶಾಸ್ತ್ರ ಮುಗಿಸಿಕೊಂಡು ಅವಳು ಬಾಣಂತನಕ್ಕೆ ತವರಿಗೆ ಹೋದಳು. ಮೇ ತಿಂಗಳ ಕೊನೆಗೆ ಬ್ಯಾಡಗಿಯಿಂದ ಅವಳ ತಾಯಿ ವೇಣೂಬಾಯಿಯ ಫೋನು ಬಂತು. ಸರಸ್ವತೀಬಾಯಿ ಶಾವಿಗೆ ಒಣಹಾಕುತ್ತಿದ್ದವರು ಕೈ ಒರೆಸಿಕೊಂಡು ಎತ್ತಿದರು.

"ಹೆಣ್ಣು ಕೂಸ್ರಿ. ಬಾಣಂತಿ ಅರಾಮ ಇದ್ದಾಳ," ಎಂದರು ವೇಣೂಬಾಯಿ.

"ಕೂಸು?"

"ಅರಾಮ ಅದರಿ. ಆದ್ರ ಮ್ಯಾಲಿನ ತುಟಿ… ಸೀಳೇದರಿ. ಮೂಗಿನ ತನಕ. ಸ್ಕ್ಯಾನಿಂಗಿನ್ಯಾಗ ಕೂಸು ಮಾರಿ ತಿರುವಿತ್ತಂತ, ಕಂಡಿರಲಿಲ್ಲ. ಕೆಲವು ತಿಂಗಳಾದ ಮ್ಯಾಲೆ ಆಪರೇಶನ್ ಮಾಡಿದ್ರ ಸರಿಹೋಗ್ತದಂತ ಡಾಕ್ಟರು ಹೇಳ್ಯಾರ."

ಸರಸ್ವತೀಬಾಯಿ ಫೋನು ಇಟ್ಟರು. ಮಾಸ್ತರು ಎದುರಿಗೇ ನಿಂತಿದ್ದರು. ಸುದ್ದಿ ಹೇಳಿ ಸರಸ್ವತೀಬಾಯಿ ಒಂದೇ ಮಾತು ಸೇರಿಸಿದರು, "ನಾ ಹೇಳಿದ್ದೆ."

ಮಾಸ್ತರು ಕುರ್ಚಿಯಲ್ಲಿ ಕೂತರು. ತಡೆದು ಹೇಳಿದರು, "ಸರೂ, ಇದಕ್ಕೂ ಗ್ರಹಣಕ್ಕೂ ಏನೇನೂ ಸಂಬಂಧ ಇಲ್ಲ. ಹೊಟ್ಟಿಯೊಳಗ ತುಟಿ ಕೂಡೋದು ಮೊದಲಿನ ಎರಡು ತಿಂಗಳಿನ್ಯಾಗ. ಗ್ರಹಣ ಆದಾಗ ಅಕಿಗೆ ಏಳು ತಿಂಗಳು. ಅವತ್ತು ಅಕಿ ಸೌತಿಕಾಯಿ ಹೆಚ್ಚಿದ್ರೂ ಇಷ್ಟ, ಮಲಕೊಂಡಿದ್ರೂ ಇಷ್ಟ."

"ಎರಡು ತಿಂಗಳಿಗೇ ಕೂಡತದೇನು?"

"ಹೌದು. ಯಾವ ಪುಸ್ತಕ ಬೇಕಾದ್ರೂ ನೋಡು."

"ಮತ್ತ ಮೇ ತಿಂಗಳು ನೋಡೋಣ ಅಂತ ಯಾಕ ಬರದ್ರಿ?" ಸರಸ್ವತೀಬಾಯಿಯ ಧ್ವನಿ ಏರಲಿಲ್ಲ. "ಎರಡು ತಿಂಗಳಿಗೇ ಎಲ್ಲಾ ಮುಗದಿತ್ತಂದ್ರ, ಮೇ ತಿಂಗಳು ನೋಡೋದೇನಿತ್ತು? ಊರ ಮಂದಿನ್ನ ನೀವ ಅಲ್ಲೇನು ನೋಡ್ರಿ ಅಂತ ಕರದವ್ರು? ಈಗ ನೋಡ್ತಾರ, ನೋಡ್ಲಿ."

ಎಷ್ಟೋ ವರ್ಷ ಹೆಂಡತಿಯ ಪ್ರತಿ ಮಾತಿಗೂ ಉತ್ತರ ಇಟ್ಟುಕೊಂಡಿದ್ದ ಮಾಸ್ತರು ಅಂಗಳದಲ್ಲಿ ಒಣಗುತ್ತಿದ್ದ ಶಾವಿಗೆಯನ್ನು ನೋಡುತ್ತ ಕೂತರು.

ಆದರೆ ಸರಸ್ವತೀಬಾಯಿಯೂ ಸುಮ್ಮನೆ ಕೂಡಲಿಲ್ಲ. ಸಂಜೆ ಸುಶೀಲವ್ವನ ಕಟ್ಟೆಗೆ ಹೋಗಿ ಕೂತು ಅತ್ತರು. "ಎಷ್ಟು ಬಡಕೊಂಡ್ನಿ ಸುಶೀಲವ್ವ, ಕೇಳ್ಲಿಲ್ಲ. ಗ್ರಹಣದಾಗ ಕೂಡಿಸಿ ಹೆಚ್ಚಿಸಿದ್ರು. ಇವತ್ತು ಅದರ ಫಲಾ ಆ ಕೂಸು ಉಣ್ಣಬೇಕಾತು."

"ಅಯ್ಯ ಶಿವನ, ಹೌದೇನ್ರಿ?" ಎಂದಳು ಸುಶೀಲವ್ವ. ಅವಳೂ ಕಣ್ಣೊರೆಸಿಕೊಂಡಳು. ಅವಳಿಗೆ ದುಃಖವಾದದ್ದು ನಿಜವೇ. ಹಾಗೆಯೇ ಮರುದಿನ ಹಾಲು ತರಲು ಹೋದಾಗ ಆ ಮಾತು ಹೇಳಿದ್ದೂ ನಿಜ.

ಮಾಸ್ತರು ಬ್ಯಾಡಗಿಗೆ ಹೋದದ್ದು ಹನ್ನೆರಡನೇ ದಿನ ಕಳೆದ ಮೇಲೆ. ತೊಟ್ಟಿಲ ಕಾರ್ಯಕ್ಕೆ ಮನೆಯವರನ್ನು ಬಿಟ್ಟು ಯಾರನ್ನೂ ಕರೆದಿರಲಿಲ್ಲ. ಕೂಸಿಗೆ ಮಧುರಾ ಎಂದು ಹೆಸರಿಟ್ಟಿದ್ದರು. ಅಂದು ಸರಸ್ವತೀಬಾಯಿಯೊಬ್ಬರೇ ಮಗನ ಜೊತೆ ಹೋಗಿ ಬಂದಿದ್ದರು, ಮಾಸ್ತರಿಗೆ ಧೈರ್ಯ ಬಂದಿರಲಿಲ್ಲ.

ವೇಣೂಬಾಯಿ ನೀರು ಕೊಟ್ಟು ಒಳಗೆ ಕರೆದರು. ಮೆಣಸಿನಕಾಯಿ ಊರು, ಪೇಟೆಯ ಕಾಲ ಮುಗಿದಿದ್ದರೂ ಗಾಳಿಯಲ್ಲಿ ಘಾಟು ಉಳಿದಿತ್ತು. ಮಾಸ್ತರು ಬಾಗಿಲಲ್ಲೇ ಸೀನಿದರು. ಯಾರೂ ಏನೂ ಅನ್ನಲಿಲ್ಲ.

ಶ್ರೀವಾಣಿ ಗೋಡೆಗೆ ಒರಗಿ ಕೂಸನ್ನು ತೊಡೆಯ ಮೇಲೆ ಎತ್ತರಿಸಿ ಹಿಡಿದು ಚಮಚೆಯಿಂದ ಹಾಲು ಹಾಕುತ್ತಿದ್ದಳು. ಹಿಂಡಿ ತೆಗೆದ ಹಾಲು. ಒಂದು ಹನಿ ಒಳಗೆ ಹೋದರೆ ಒಂದು ಹನಿ ತುಟಿಯ ಸೀಳಿನಿಂದ ಹೊರಗೆ ಬರುತ್ತಿತ್ತು. ಅವಳು ಒರೆಸುವಳು, ಕಾಯುವಳು, ಮತ್ತೆ ಚಮಚೆ ಇಡುವಳು. ಬಟ್ಟಲು ಖಾಲಿಯಾಗುವವರೆಗೂ ಮಾಸ್ತರು ಚಾಪೆಯ ಮೇಲೆ ಕೂತೇ ಇದ್ದರು.

"ದಿನಾ ಎಷ್ಟು ಸಲ ಹಿಂಗ?" ಎಂದು ಕೇಳಿದರು.

"ಮುಗಸೋದ್ರಾಗ ಮತ್ತ ಹಸಿವಾಗ್ತದರಿ ಅದಕ್ಕ."

"ಶ್ರೀವಾಣಿ, ಗ್ರಹಣಕ್ಕೂ ಇದಕ್ಕೂ…"

"ಗೊತ್ತದ ಮಾವನವರ," ಎಂದಳು ಅವಳು, ಕೂಸಿನ ಬೆನ್ನು ತಟ್ಟುತ್ತ. "ಎರಡು ತಿಂಗಳಿಗೆ ಕೂಡತದ. ಡಾಕ್ಟರೂ ಹೇಳಿದ್ರು. ನಾ ಅವತ್ತೂ ನಂಬಿದ್ದಿಲ್ಲ, ಇವತ್ತೂ ನಂಬಂಗಿಲ್ಲ. ಆದ್ರ ಕೂಸಿನ್ನ ನೋಡ್ಲಿಕ್ಕ ಬಂದವ್ರು ತೊಟ್ಟಲದಾಗ ಇಣುಕಿ 'ಇದ ಏನು ಪೇಪರಿನ್ಯಾಗ ಬಂದಿದ್ದು' ಅಂತಾರ. ಬ್ಯಾಡಗಿ ತನಕ ಬಂದದರಿ ಆ ಫೋಟೋ. ಫೋನಿನ್ಯಾಗ ಇಟ್ಕೊಂಡಾರ. ನಾಳೆ ಇದು ಸಾಲಿಗೆ ಹೋಗ್ತದ. ಅವಾಗ ಯಾರರೆ ತೋರಿಸಿದ್ರ ನಾ ಏನ್ ಹೇಳ್ಲಿ?"

"ನಾ ಬರೀತೀನಿ. ಈ ರವಿವಾರನೇ ಬರೀತೀನಿ. ತುಟಿ ಯಾವಾಗ ಕೂಡತದ, ಯಾಕ ಸೀಳತದ, ಎಲ್ಲಾ ಬಿಡಿಸಿ ಬರದ್ರ ಮಂದಿ ತಿಳ್ಕೋತಾರ."

"ಬರೀಬ್ಯಾಡ್ರಿ."

"ಹೆಸರು ಹಾಕಂಗಿಲ್ಲ."

"ಯಾವ ಹೆಸರೂ ಬ್ಯಾಡ್ರಿ. ನೀವು ಬರದ್ರ ಎಲ್ಲಾರಿಗೂ ನಾವ ನೆನಪಾಗ್ತೀವಿ. ಮರೀಲಿ ಬಿಡ್ರಿ ಮಂದಿ. ಇಷ್ಟೊಂದು ಮಾಡ್ರಿ ನಮಗ."

"ಆತವಾ," ಎಂದರು ಮಾಸ್ತರು. "ಬರಿಯಂಗಿಲ್ಲ."

ವೇಣೂಬಾಯಿ ಅವಲಕ್ಕಿ ಕೊಟ್ಟರು. ತಿಂದು ಎದ್ದರು.

ಆ ಮಾತನ್ನು ಅವರು ಉಳಿಸಿಕೊಳ್ಳಬೇಕು ಎಂದೇ ಇದ್ದರು. ಜೂನ್ ತಿಂಗಳೆಲ್ಲ ಬೇರೆ ಬರೆದರು: ಮಿಂಚುಹುಳದ ಬಗ್ಗೆ, ಕಪ್ಪೆ ಒದರಿದರೆ ಮಳೆ ಬರುತ್ತದೆಯೋ ಮಳೆ ಬಂದರೆ ಕಪ್ಪೆ ಒದರುತ್ತದೆಯೋ ಎಂಬುದರ ಬಗ್ಗೆ. ಆದರೆ ಹೊರಗೆ ಹೋದಲ್ಲಿ ಮಂದಿ ಬಿಡಲಿಲ್ಲ. ಕ್ಷೌರದ ಅಂಗಡಿಯಲ್ಲಿ ಒಬ್ಬ, "ಮಾಸ್ತರ, ಮೇ ತಿಂಗಳಾಗಿ ಹೋತಲ್ರಿ. ಏನಾತು ಬರೀಲೇ ಇಲ್ಲ?" ಎಂದು ಕೇಳಿದ. ಕೂತವರೆಲ್ಲ ಕನ್ನಡಿಯಲ್ಲಿ ಅವರ ಮುಖ ನೋಡಿದರು. ಹಿಂದಿನ ಓಣಿಯಲ್ಲಿ ಒಬ್ಬ ಬಸುರಿ ಹುಡುಗಿಯನ್ನು ಅವಳ ಅತ್ತೆ ಅಮಾವಾಸ್ಯೆ ಹುಣ್ಣಿಮೆಗೆಲ್ಲ ಹೊರಗೆ ಬಿಡದೆ ದವಾಖಾನೆಗೆ ಹೋಗುವುದನ್ನೂ ತಪ್ಪಿಸಿದಳಂತೆ, ಕೇಳಿದರೆ "ಮಾಸ್ತರ ಮನ್ಯಾಗ ಏನಾತು ನೋಡಿಲ್ಲೇನು?" ಅಂದಳಂತೆ.

ಅದನ್ನು ಕೇಳಿದ ದಿನ ಮಾಸ್ತರು ಊಟ ಬಿಟ್ಟರು.

"ಸರೂ, ನಾ ಸುಮ್ನ ಕೂತಷ್ಟು ಆ ಸುಳ್ಳು ಬೆಳೀತದ. ಇದು ನಮ್ಮ ಮನಿ ಮಾತಷ್ಟ ಅಲ್ಲ."

"ಅಕಿಗೆ ಬರಿಯಂಗಿಲ್ಲ ಅಂದು ಬಂದೀರಿ."

"ಯಾರ ಹೆಸರೂ ಇರಂಗಿಲ್ಲ. ಬರೇ ವಿಜ್ಞಾನ."

"ನಿಮಗ ಆ ಬಸುರಿ ಹುಡುಗಿ ಚಿಂತಿ ಅದನೋ, ನಿಮ್ಮ ಮಾತು ಸೋತದ್ದರ ಚಿಂತಿ ಅದನೋ?" ಎಂದು ಸರಸ್ವತೀಬಾಯಿ ಕೇಳಿದರು.

ಮಾಸ್ತರು ಸಿಟ್ಟಿಗೆದ್ದರು. "ನೀ ಸುಶೀಲವ್ವನ ಕಟ್ಟಿ ಮ್ಯಾಲೆ ಕೂತು ಏನೇನು ಹೇಳೀದಿ ನನಗೂ ಗೊತ್ತದ. ನೀ ಹರಡಿದ್ದನ್ನ ನಾ ಬಳೀಬೇಕಾಗೇದ."

ಸರಸ್ವತೀಬಾಯಿ ತಟ್ಟೆ ಮುಚ್ಚಿಟ್ಟು ಒಳಗೆ ಹೋದರು.

ಆದರೂ ಮಾಸ್ತರು ಬರೆದರು. ಬರೆದದ್ದು ಚೊಕ್ಕವಾಗಿತ್ತು. ಯಾರ ಹೆಸರೂ ಇರಲಿಲ್ಲ, ಊರಿನ ಹೆಸರೂ ಇರಲಿಲ್ಲ. ಆದರೆ ಆ ವಾರ ಪತ್ರಿಕೆಯ ಪುಟ ಕಟ್ಟುವ ಹುಡುಗನಿಗೆ ಗ್ರಹಣದ ಲೇಖನಕ್ಕೆ ಒಂದು ಚಿತ್ರ ಬೇಕಾಗಿತ್ತು. ಹುಡುಕಿದಾಗ ಸಿಕ್ಕಿದ್ದನ್ನು ಹಾಕಿದ. ರವಿವಾರ ಬೆಳಿಗ್ಗೆ ಮಾಸ್ತರು ಪತ್ರಿಕೆ ಬಿಡಿಸಿದಾಗ ಸೌತೆಕಾಯಿ ಹೆಚ್ಚುತ್ತ ಶ್ರೀವಾಣಿ ಕೂತಿದ್ದಳು, ಕೆಳಗೆ ಸೀಳುತುಟಿಯ ಮಾತು.

ಅವರು ಪತ್ರಿಕೆಗೆ ಫೋನ್ ಮಾಡಿ ಕೂಗಾಡಿದರು. "ಮುಂದಿನ ವಾರ ತಿದ್ದುಪಡಿ ಹಾಕೋಣ್ರಿ ಸರ್," ಎಂದ ಆ ಹುಡುಗ. "ಹಾಕಬ್ಯಾಡಪಾ," ಎಂದು ಫೋನಿಟ್ಟರು. ಅಂದಿನಿಂದ ಅಂಕಣ ನಿಂತಿತು. ನಿಲ್ಲಿಸಿದ್ದರಿಂದ ಏನೂ ಆಗುವಂತಿರಲಿಲ್ಲ.

ಮಧ್ಯಾಹ್ನ ವಿಜಯೇಂದ್ರ ಬ್ಯಾಡಗಿಯಿಂದ ಬಂದ. ಪ್ರತಿ ರವಿವಾರ ಅಲ್ಲಿಯೇ ಇದ್ದು ಸಂಜೆಗೆ ಬರುತ್ತಿದ್ದವನು ಅಂದು ಬೇಗ ಬಂದ. ಚಪ್ಪಲಿಯನ್ನೂ ಬಿಡಲಿಲ್ಲ.

"ಅಪ್ಪಾ, ಅಕಿ ನಿಮಗ ಏನು ಕೇಳಿದ್ಲು?"

"ಫೋಟೋ ನಾ ಕೊಟ್ಟಿಲ್ಲೋ ವಿಜಯಾ. ಅವ್ರು…"

"ಫೋಟೋ ಬಿಡ್ರಿ. ಅಕಿ ಏನು ಕೇಳಿದ್ಲು?"

"ಬರೀಬ್ಯಾಡ ಅಂದಿದ್ಲು."

"ನೀವೇನಂದ್ರಿ?"

ಮಾಸ್ತರು ತಲೆ ತಗ್ಗಿಸಿದರು. ವಿಜಯೇಂದ್ರ ಅವ್ವನ ಕಡೆ ತಿರುಗಿದ. "ನೀನೂ ಕೇಳವಾ. ಅಲ್ಲಿ ಮನಿ ಕೆಲಸಕ್ಕ ಬರೋ ಹೆಣ್ಮಗಳು ಮಧುರಾಗ 'ಗ್ರಹಣದ ಕೂಸು' ಅಂತಾಳ. ಎಲ್ಲಿ ಕಲ್ತಿ ಅಂತ ಕೇಳಿದ್ರ, ಹಾವೇರಿಯಿಂದ ಬಂದ ಮಾತು, ಕೂಸಿನ ಅಜ್ಜಿನೇ ಅಂದಾಳಂತ, ಅಂದ್ಲು. ಖರೇನೇನು?"

"ನಾ ಹಂಗ ಹೆಸರಿಟ್ಟಿಲ್ಲೋ. ದುಃಖದಾಗ ಸುಶೀಲವ್ವನ ಮುಂದ…"

"ಒಬ್ಬರು ಪೇಪರಿನ್ಯಾಗ, ಒಬ್ಬರು ಕಟ್ಟಿ ಮ್ಯಾಲೆ. ನಿಮ್ಮಿಬ್ರ ವಾದಕ್ಕ ನಮ್ಮ ಕೂಸ ಸಿಕ್ತೇನು? ಅವತ್ತು ಮ್ಯಾಲ ಹೋಗು ಅಂತ ನಾನೂ ಹಲ್ಲು ತಗದು ನಕ್ಕೆ. ಫೋಟೋನೂ ನಾನ ತಗದೆ. ನಂದೂ ತಪ್ಪದ. ಅಕಿ ಯಾರಿಗೂ ಏನೂ ಅಂದಿಲ್ಲ. ಹಾವೇರಿಗೆ ಬರಂಗಿಲ್ಲ, ಅಷ್ಟ ಅಂದಾಳ. ನಾ ರಾಣೆಬೆನ್ನೂರಾಗ ಮನಿ ನೋಡ್ಲಿಕ್ಕತ್ತೇನಿ. ಬ್ಯಾಂಕಿನ್ಯಾಗ ಅಲ್ಲಿ ಶಾಖೆಗೆ ಕೇಳ್ಯಾಳ."

"ಬಾಣಂತನ ಮುಗದ ಮ್ಯಾಲೆ ಬರ್ತಾಳ ಅಂತ ಖೋಲಿಗೆ ಸುಣ್ಣಾ ಹಚ್ಚಿಸೀನೋ," ಎಂದರು ಸರಸ್ವತೀಬಾಯಿ.

"ಗೊತ್ತವಾ," ಎಂದ ಅವನು. ಊಟಕ್ಕೆ ಕೂಡಲಿಲ್ಲ.

ಮುಂದಿನ ವಾರಗಳಲ್ಲಿ ಸಾಮಾನು ಸ್ವಲ್ಪ ಸ್ವಲ್ಪವಾಗಿ ಹೋಯಿತು. ಮೊದಲು ಕಪಾಟು, ಆಮೇಲೆ ಶ್ರೀವಾಣಿಯ ಸೀರೆಗಳು, ಮಿಕ್ಸರು. ವಿಜಯೇಂದ್ರ ಟೆಂಪೋದಲ್ಲಿ ಹಾಕಿಸುವಾಗ ಸರಸ್ವತೀಬಾಯಿ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹಪ್ಪಳದ ಡಬ್ಬಿ ತಂದು ಸಂದಿಯಲ್ಲೆಲ್ಲ ತುರುಕಿದರು. ಅವನು ಬೇಡ ಅನ್ನಲಿಲ್ಲ. ತೊಟ್ಟಿಲು ಮಾತ್ರ ಅಟ್ಟದಲ್ಲೇ ಉಳಿಯಿತು. ಅವನು ಕೇಳಲಿಲ್ಲ, ಇವರೂ ತೆಗೆದು ಕೊಡಲು ಹೋಗಲಿಲ್ಲ.

ಸುಶೀಲವ್ವ ಒಂದು ಸಂಜೆ ಬಂದಳು. "ಬಾಯಾರ, ಗ್ರಹಣದ ಕೂಸು ಹೆಂಗ ಐತ್ರಿ?" ಎಂದು ಅಕ್ಕರೆಯಿಂದಲೇ ಕೇಳಿದಳು. ಬೇರೆ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಸರಸ್ವತೀಬಾಯಿ ಚಹಾದ ಪಾತ್ರೆ ಕೆಳಗಿಳಿಸಿದರು. "ಸುಶೀಲವ್ವ, ಅದರ ಹೆಸರು ಮಧುರಾ. ನಾ ಅವತ್ತು ಬಾಯಿಗೆ ಬಂದಂಗ ಅಂದ್ನಿ, ತಪ್ಪಾತು. ನಿನ್ನ ಕಾಲ ಬೀಳ್ತೀನಿ, ಇನ್ನೊಮ್ಮೆ ಹಂಗ ಅನಬ್ಯಾಡ."

"ಅಯ್ಯ ಹಂಗ್ಯಾಕ ಅಂತೀರಿ, ನಾ ಏನ್ ಬೇಕಂತ ಅಂದೇನ್ರಿ? ಎಲ್ಲಾರೂ ಅಂತಾರ, ನಾನೂ ಅಂದೆ," ಎಂದಳು ಸುಶೀಲವ್ವ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎಲ್ಲರೂ ಅನ್ನುತ್ತಿದ್ದರು. ಅಂದು ಚಹಾ ಕುಡಿದು ಹೋದವಳು ಆಮೇಲೆ ಬರುವುದನ್ನು ಕಡಿಮೆ ಮಾಡಿದಳು. ಬಂದರೆ ಕೇಳಲು ಜಗಳವೂ ಇರಲಿಲ್ಲ. ಸೀನು ಬಂದರೆ ಸರಸ್ವತೀಬಾಯಿ ಸುಮ್ಮನೆ ನಿಲ್ಲುತ್ತಿದ್ದರು, ಮಾಸ್ತರು ಸುಮ್ಮನೆ ಕಾಯುತ್ತಿದ್ದರು. ಊಟದ ಹೊತ್ತಿಗೆ ಇಬ್ಬರ ನಡುವೆ ಸಾರು ಬಡಿಸುವ ಸೌಟಿನ ಸಪ್ಪಳ ಅಷ್ಟೆ.

ಆಪರೇಶನ್ ಆದದ್ದು ಧಾರವಾಡದಲ್ಲಿ. ಇವರಿಗೆ ಗೊತ್ತಾದದ್ದು ಆದ ಮೇಲೆ. "ಎಲ್ಲಾ ಸುಸೂತ್ರ ಆತು, ನೀವು ಗಾಬರಿ ಆಗಬಾರದಂತ ಮೊದಲ ಹೇಳಿಲ್ಲ," ಎಂದ ವಿಜಯೇಂದ್ರ ಫೋನಿನಲ್ಲಿ. ಮಾಸ್ತರು "ಚಲೋ ಮಾಡಿದ್ರಿ" ಎಂದರು. ಸರಸ್ವತೀಬಾಯಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಆಗ ಮಾಸ್ತರು ತಾವಾಗಿಯೇ ಎದ್ದು ಬಂದು ಕೈ ಮುಗಿದದ್ದನ್ನು ನೋಡಿ ಅವರಿಗೆ ಸಮಾಧಾನಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ದೀಪಾವಳಿ ಕಳೆದ ಮೇಲೆ ಒಂದು ರವಿವಾರ ಇಬ್ಬರೂ ರಾಣೆಬೆನ್ನೂರಿಗೆ ಹೋದರು. ವಿಜಯೇಂದ್ರ ಬಸ್ ಸ್ಟ್ಯಾಂಡಿಗೆ ಬಂದು ಆಟೋದಲ್ಲಿ ಕರೆದುಕೊಂಡು ಹೋದ. ರೈಲ್ವೆ ಸ್ಟೇಶನ್ನಿನ ಕಡೆ, ಎರಡನೇ ಅಂತಸ್ತಿನ ಮನೆ.

ಶ್ರೀವಾಣಿ ಬಾಗಿಲಿಗೆ ಬಂದು ಕಾಲಿಗೆ ಬಿದ್ದಳು. "ಬರ್ರಿ, ಕೂಡ್ರಿ," ಎಂದಳು. ಸ್ಟೀಲಿನ ಲೋಟದಲ್ಲಲ್ಲ, ಹೂವಿನ ಚಿತ್ರದ ಕಪ್-ಬಸಿಯಲ್ಲಿ ಚಹಾ ತಂದಳು. ಪಕ್ಕದಲ್ಲಿ ಬಿಸ್ಕೀಟು. ಸರಸ್ವತೀಬಾಯಿ ಅಭ್ಯಾಸದಂತೆ ಅಡುಗೆಮನೆಗೆ ಹೋಗಲು ಎದ್ದರು. "ನೀವು ಕೂಡ್ರಿ ಅತ್ತಿಯವರ, ಆಗ್ಯದ," ಎಂದಳು ಅವಳು.

ಮಧುರಾ ಚಾಪೆಯ ಮೇಲೆ ಬೋರಲು ಬಿದ್ದು ತಲೆ ಎತ್ತಿ ನೋಡುತ್ತಿದ್ದಳು. ಮೇಲಿನ ತುಟಿಯ ಮೇಲೆ ಕೆಂಪಗಿನ ಒಂದು ಸಣ್ಣ ಗೆರೆ. ಶ್ರೀವಾಣಿಯೇ ಎತ್ತಿ ಮಾವನ ತೊಡೆಯ ಮೇಲೆ ಕೂರಿಸಿದಳು. ಮಾಸ್ತರು ಎರಡೂ ಕೈಯಿಂದ ಹಿಡಿದುಕೊಂಡರು. ಕೂಸು ಅವರ ಕನ್ನಡಕಕ್ಕೆ ಕೈ ಹಾಕಿ ಎಳೆಯಿತು. ಅವರು ಬಿಡಿಸಿಕೊಳ್ಳಲಿಲ್ಲ.

"ಶ್ರೀವಾಣಿ," ಎಂದರು ಅವರು, ಕೂಸನ್ನೇ ನೋಡುತ್ತ. "ಅವತ್ತು ಮ್ಯಾಲ ಬಾ ಅಂದಾಗ ನೀ ಯಾಕ ಅಂತ ಕೇಳಿದ್ಯಲ್ಲ. ಅಲ್ಲೇ ಬಿಡಬೇಕಿತ್ತು ನಾ. ಆಮ್ಯಾಲೆ ಬ್ಯಾಡಗಿಗೆ ಬಂದು ಮಾತು ಕೊಟ್ಟೆ, ಅದನ್ನೂ…"

"ಆತ್ರಿ ಮಾವನವರ," ಎಂದಳು ಅವಳು ಮೆಲ್ಲಗೆ. "ಈಗ ಅದನ್ನ ತಗೀಬ್ಯಾಡ್ರಿ." ಕ್ಷಮಿಸಿದಂತೆಯೂ ಇತ್ತು, ಬಾಗಿಲು ಹಾಕಿಕೊಂಡಂತೆಯೂ ಇತ್ತು.

ಆಗ ಎದುರು ಮನೆಯ ಹೀನಾ ಬಟ್ಟಲು ಹಿಡಿದು ಬಂದಳು, ಮೊಸರಿಗೆ ಹೆಪ್ಪು ಕೇಳಲು. ಹೊಸಬರನ್ನು ನೋಡಿ ಸೆರಗು ಸರಿಮಾಡಿಕೊಂಡು, "ಮೆಹಮಾನ ಬಂದಾರೇನ್ರಿ?" ಎಂದಳು.

"ಹಾವೇರಿಯವ್ರು," ಎಂದಳು ಶ್ರೀವಾಣಿ. ಅಷ್ಟೇ ಹೇಳಿ ಹೆಪ್ಪು ತರಲು ಒಳಗೆ ಹೋದಳು.

ಹೀನಾ ಕೂಸಿನ ಕೆನ್ನೆ ಸವರಿದಳು. ತುಟಿಯ ಗೆರೆ ನೋಡಿ ಸರಸ್ವತೀಬಾಯಿಯ ಹತ್ತಿರ ಬಾಗಿ ಸಣ್ಣ ದನಿಯಲ್ಲಿ ಕೇಳಿದಳು, "ಅಮ್ಮಾ, ಇದು ಗಿರಾಣದ್ದೇನ್ರಿ? ನಮ್ಮಲ್ಲೂ ಹೇಳ್ತಾರ್ರಿ, ಬಸರಿದ್ದಾಗ ಗಿರಾಣದಾಗ ಚಾಕು ಹಿಡೀಬಾರದಂತ."

ಮಾಸ್ತರು ಬಾಯಿ ತೆರೆದರು. ಆದರೆ ಸರಸ್ವತೀಬಾಯಿ ಅವರಿಗಿಂತ ಮುಂಚೆ ಹೇಳಿದರು, "ಇಲ್ಲವಾ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೊಟ್ಯಾಗ ಎರಡನೇ ತಿಂಗಳಿಗೆ ಕೂಡಬೇಕಾದ ತುಟಿ ಕೂಡಿದ್ದಿಲ್ಲ. ಈಗ ಡಾಕ್ಟರು ಕೂಡಿಸ್ಯಾರ. ಭಾಳ ಮಂದಿ ಮಕ್ಕಳಿಗೆ ಆಗ್ತದ."

"ಹೌದೇನ್ರಿ," ಎಂದಳು ಹೀನಾ. ಶ್ರೀವಾಣಿ ತಂದುಕೊಟ್ಟ ಹೆಪ್ಪು ತೆಗೆದುಕೊಂಡು ಹೋದಳು.

ಒಳಗಿನಿಂದಲೇ ಆ ಮಾತು ಕೇಳಿಸಿಕೊಂಡಿದ್ದ ಶ್ರೀವಾಣಿ ಒಂದು ಗಳಿಗೆ ಅತ್ತೆಯ ಮುಖವನ್ನು ನೋಡಿದಳು. ಏನೋ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಕುಕ್ಕರು ಸೀಟಿ ಹಾಕಿತು.

ಊಟವಾಯಿತು. ಬದನೆಕಾಯಿ ಎಣ್ಣೆಗಾಯಿ, ಚಪಾತಿ, ಕಟ್ಟಿನ ಸಾರು. ಮಧುರಾಳ ಹಲ್ಲು, ಔಷಧ, ಬಾಡಿಗೆಯ ಮನೆಯ ನೀರಿನ ತೊಂದರೆ ಇವುಗಳ ಮಾತಾಡಿದರು. ಯಾರೂ ಯಾರಿಗೂ ಪ್ರಶ್ನೆ ಹಾಕಲಿಲ್ಲ. ನಾಲ್ಕು ಗಂಟೆಗೆ ಎದ್ದರು. ಸರಸ್ವತೀಬಾಯಿ ಕೂಸಿನ ಹಣೆಗೆ ಮುತ್ತಿಟ್ಟು, ಮಗನ ಕೈಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಮಾಸ್ತರು ಚಪ್ಪಲಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ಹಿಂದೆ ಉಳಿದರು.

"ಬರ್ತೀವಿ. ಮತ್ತ… ಆಗಾಗ ಕೂಸಿನ್ನ ನೋಡ್ಲಿಕ್ಕ ಬರೋಣೇನವಾ?"

"ಬರ್ರಿ," ಎಂದಳು ಶ್ರೀವಾಣಿ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. "ಫೋನ್ ಮಾಡಿ ಬರ್ರಿ. ಒಮ್ಮೊಮ್ಮೆ ನಾವು ಇರಂಗಿಲ್ಲ."

ಕೆಳಗೆ ಆಟೋ ನಿಂತಿತ್ತು. ಸರಸ್ವತೀಬಾಯಿ ಆಗಲೇ ಒಳಗೆ ಕೂತು ಜಾಗ ಬಿಟ್ಟಿದ್ದರು. ಮಾಸ್ತರು ಹತ್ತಿ ಕೂತು ಚೀಲ ತೊಡೆಯ ಮೇಲೆ ಇಟ್ಟುಕೊಂಡರು. ಆಟೋ ತಿರುಗುವಾಗ ಇ‌ಬ್ಬರೂ ಮೇಲೆ ನೋಡಿದರು. ಬಾಲ್ಕನಿಯಲ್ಲಿ ಒಣಹಾಕಿದ ಕೂಸಿನ ಬಟ್ಟೆಗಳಿದ್ದವು.

"ಏನಂದ್ಲು?" ಎಂದು ಕೇಳಿದರು ಸರಸ್ವತೀಬಾಯಿ.

"ಬರ್ರಿ ಅಂದ್ಲು," ಎಂದರು ಮಾಸ್ತರು.